ಕುಲಿಯೋನ್: ಆಸ್ಪತ್ರೆ ಊರಾದ ಕಥೆ

ಎಲ್ಲರಿಗೂ ನಮಸ್ಕಾರ.

ಇವತ್ತು ಫಿಲಿಪೈನ್ಸ್‌ನ ಒಂದು ಸಣ್ಣ ದ್ವೀಪದ ಬಗ್ಗೆ ಮಾತಾಡುತ್ತೇನೆ. ಅದರ ಹೆಸರು ಕುಲಿಯೋನ್. ಪಲವಾನ್ ಪ್ರಾಂತ್ಯದ ಉತ್ತರ ತುದಿಯಲ್ಲಿದೆ. 2020ರ ಜನಗಣತಿಯ ಪ್ರಕಾರ ಅಲ್ಲಿನ ಜನಸಂಖ್ಯೆ ಸುಮಾರು 23 ಸಾವಿರ. ನಮ್ಮ ಕಡೆಯ ಒಂದು ಸಣ್ಣ ಪುರಸಭೆಯಷ್ಟು. ಮೇಯರ್ ಇದ್ದಾರೆ, ಕೌನ್ಸಿಲ್ ಇದೆ, 14 ವಾರ್ಡುಗಳಂಥ ಘಟಕಗಳಿವೆ. ಅವನ್ನು ಅಲ್ಲಿ ಬರಂಗಾಯ್ ಅನ್ನುತ್ತಾರೆ. ಇವತ್ತು ನೋಡಿದರೆ ಆ ದೇಶದ ಸುಮಾರು ಒಂದೂವರೆ ಸಾವಿರ ಪುರಸಭೆಗಳಲ್ಲಿ ಇದೂ ಒಂದು, ಅಷ್ಟೇ.

ಆದರೆ ಫಿಲಿಪೈನ್ಸ್‌ನ ಹಳೇ ಊರುಗಳು ಬೆಳೆದದ್ದೇ ಬೇರೆ ರೀತಿ. ಸ್ಪ್ಯಾನಿಷರು ಬಂದರು, ಚರ್ಚ್ ಕಟ್ಟಿದರು, ಅದರ ಮುಂದೆ ಚೌಕ ಬಿಟ್ಟರು, ಪಕ್ಕದಲ್ಲಿ ಪುರಸಭೆ ಕಚೇರಿ ಬಂತು. ಕುಲಿಯೋನ್‌ಗೂ ಸ್ಪ್ಯಾನಿಷರು ಬಂದಿದ್ದರು. ಆದರೂ ಅದು ಪುರಸಭೆ ಆಗಿದ್ದು 1992ರಲ್ಲಿ. ಮೊದಲ ಮೇಯರ್ ಚುನಾವಣೆ ನಡೆದದ್ದು 1995ರಲ್ಲಿ. ಅದಕ್ಕೆ ಮೊದಲು ಸುಮಾರು ತೊಂಬತ್ತು ವರ್ಷ ಆ ಊರನ್ನು ಆಳಿದ್ದು ಆರೋಗ್ಯ ಇಲಾಖೆ. ಊರಿನ ಯಜಮಾನ ಅಂದರೆ ಆಸ್ಪತ್ರೆಯ ಮುಖ್ಯ ಡಾಕ್ಟರು. ಯಾಕಂದರೆ ಕುಲಿಯೋನ್ ಕುಷ್ಠರೋಗಿಗಳನ್ನು ತಂದು ಬಿಡುವ ದ್ವೀಪವಾಗಿತ್ತು. 1930ರ ದಶಕದಲ್ಲಿ ಅದು ಜಗತ್ತಿನಲ್ಲೇ ಅತಿ ದೊಡ್ಡ ಕುಷ್ಠರೋಗಿಗಳ ವಸತಿ.

ಸ್ಥಳೀಯ ಸರಕಾರ ಅಂದರೆ ನಮಗೆಲ್ಲ ಚರಂಡಿ, ಬೀದಿ ದೀಪ, ನೀರಿನ ಬಿಲ್ಲು ನೆನಪಾಗುತ್ತದೆ. ಕುಲಿಯೋನ್ ಜನಕ್ಕೆ ಅದು ನಾವೂ ನಾಗರಿಕರು ಅನ್ನುವ ಮಾತಾಗಿತ್ತು. ಅದನ್ನೇ ನಾನು ಹೇಳಬೇಕು ಅಂತ ಬಂದಿದ್ದೇನೆ.

ಮೊದಲು ಜಾಗದ ಪರಿಚಯ ಮಾಡಿಕೊಡುತ್ತೇನೆ. ಪಲವಾನ್ ಉದ್ದಕ್ಕೆ ಚಾಚಿಕೊಂಡ ದ್ವೀಪ. ಅದರ ಈಶಾನ್ಯಕ್ಕೆ ಕಲಾಮಿಯನ್ ದ್ವೀಪಗಳ ಗುಂಪಿದೆ. ಬುಸುವಾಂಗ, ಕುಲಿಯೋನ್, ಕೊರೋನ್ ಅದರಲ್ಲಿ ಮುಖ್ಯವಾದವು. ಕೊರೋನ್ ಹೆಸರು ನಿಮ್ಮಲ್ಲಿ ಕೆಲವರು ಕೇಳಿರಬಹುದು, ಪ್ರವಾಸಿಗರು ಮುಗಿಬೀಳುವ ಜಾಗ. ಅಲ್ಲಿಂದ ಕುಲಿಯೋನ್‌ಗೆ ದೋಣಿ ಹಿಡಿಯಬೇಕು. ಇಲ್ಲಿನ ಮೂಲ ನಿವಾಸಿಗಳು ತಗ್ಬನುವಾ ಜನ. ಮೀನು, ಗೇರು, ಗೆಡ್ಡೆ ಗೆಣಸು ಅವರ ಬದುಕು. ಸ್ಪ್ಯಾನಿಷರು ದಕ್ಷಿಣದ ಮೋರೋ ದಾಳಿಕಾರರಿಗೆ ಹೆದರಿ ಇಲ್ಲಿ ಕಲ್ಲಿನ ಕೋಟೆ ಕಟ್ಟಿದರು. ಸಮುದ್ರದ ಅಂಚಿನ ದಿಬ್ಬದ ಮೇಲೆ ಆ ಕೋಟೆಯ ಗೋಡೆ, ಅದರೊಳಗೆ ಚರ್ಚ್ ಇವತ್ತೂ ಇದೆ. ಈಗಿನ ಚರ್ಚ್ ಕಟ್ಟಡವನ್ನು 1933ರಲ್ಲಿ ಜೆಸ್ಯೂಟ್ ಪಾದ್ರಿಗಳು ಮತ್ತೆ ಕಟ್ಟಿಸಿದ್ದು.

1898ರಲ್ಲಿ ಫಿಲಿಪೈನ್ಸ್ ಸ್ಪೇನ್ ಕೈಯಿಂದ ಅಮೆರಿಕದ ಕೈಗೆ ಹೋಯಿತು. ಅಮೆರಿಕನ್ನರು ತಮ್ಮ ಆಡಳಿತಕ್ಕೆ ಆರೋಗ್ಯವನ್ನೇ ದೊಡ್ಡ ಸಮರ್ಥನೆ ಮಾಡಿಕೊಂಡರು. ಕಾಲರಾ, ಸಿಡುಬು, ಪ್ಲೇಗು ಓಡಿಸುತ್ತೇವೆ ಅಂದರು. ಕುಷ್ಠದ ವಿಷಯದಲ್ಲಿ ಆಗ ಇದ್ದ ದಾರಿ ಒಂದೇ, ಬೇರ್ಪಡಿಸುವುದು. ನಾರ್ವೆಯ ಹ್ಯಾನ್ಸನ್ 1873ರಲ್ಲಿ ಈ ರೋಗದ ರೋಗಾಣು ಗುರುತಿಸಿದ್ದರು. ಆದರೆ ಖಚಿತವಾಗಿ ವಾಸಿ ಮಾಡುವ ಔಷಧಿ ಇರಲಿಲ್ಲ. ಹವಾಯಿಯ ಮೊಲೊಕಾಯ್ ದ್ವೀಪದಲ್ಲಿ ರೋಗಿಗಳನ್ನು ಬೇರೆ ಇಡುವ ವ್ಯವಸ್ಥೆ ಆಗಲೇ ಇತ್ತು. ಅಂಥದ್ದೇ ಒಂದು ದ್ವೀಪ ಬೇಕು ಅಂತ ಹುಡುಕಿ ಕುಲಿಯೋನ್ ಆರಿಸಿದರು. ಅಲ್ಲಿ ಆಗಲೇ ವಾಸವಿದ್ದವರನ್ನು ಅಕ್ಕಪಕ್ಕದ ದ್ವೀಪಗಳಿಗೆ ಸಾಗಿಸಿದರು. ಈ ಕಥೆ ಹೇಳುವವರು ಸಾಮಾನ್ಯವಾಗಿ ಇದನ್ನು ಒಂದೇ ಸಾಲಲ್ಲಿ ದಾಟಿಬಿಡುತ್ತಾರೆ. ಆದರೆ ಕುಲಿಯೋನ್‌ನಲ್ಲಿ ಮೊದಲು ನೆಲ ಕಳೆದುಕೊಂಡವರು ಇವರೇ.

1906ರ ಮೇ 27ರಂದು ಸೆಬು ಕಡೆಯಿಂದ ಎರಡು ಹಡಗುಗಳಲ್ಲಿ 370 ರೋಗಿಗಳು ಬಂದಿಳಿದರು. ಅವರೇ ಮೊದಲಿಗರು. ಅವರನ್ನು ಬರಮಾಡಿಕೊಳ್ಳಲು ಇದ್ದವರು ಕೆಲವೇ ಜನ. ಆರೋಗ್ಯ ಇಲಾಖೆಯವರು, ಒಬ್ಬ ಜೆಸ್ಯೂಟ್ ಪಾದ್ರಿ, ಸೇಂಟ್ ಪಾಲ್ ಸಂಘದ ನಾಲ್ಕಾರು ಸನ್ಯಾಸಿನಿಯರು. ಮುಂದಿನ ವರ್ಷ, 1907ರಲ್ಲಿ, 1711ನೇ ಕಾಯಿದೆ ಬಂತು. ದೇಶದಲ್ಲಿ ಎಲ್ಲೇ ಕುಷ್ಠರೋಗಿ ಕಂಡರೂ ಹಿಡಿದು ಪರೀಕ್ಷಿಸಿ ದ್ವೀಪಕ್ಕೆ ಕಳಿಸುವ ಅಧಿಕಾರ ಆರೋಗ್ಯ ನಿರ್ದೇಶಕರಿಗೆ ಸಿಕ್ಕಿತು. ಆ ನಿರ್ದೇಶಕರ ಹೆಸರು ವಿಕ್ಟರ್ ಹೈಸರ್. ಅಮೆರಿಕದ ಡಾಕ್ಟರು. ಹಡಗಿನಲ್ಲಿ ಊರೂರು ಸುತ್ತಿ ರೋಗಿಗಳನ್ನು ಒಟ್ಟು ಮಾಡುವ ಯಾತ್ರೆಗಳನ್ನು ಶುರು ಮಾಡಿದವರು ಇವರೇ. ಅಮ್ಮನಿಂದ ಮಗು, ಗಂಡನಿಂದ ಹೆಂಡತಿ, ಹೀಗೆ ಜನ ಬೇರೆಯಾದರು. ಶುರುವಿನ ವರ್ಷಗಳಲ್ಲಿ ದ್ವೀಪದಲ್ಲಿ ಸಾವು ತುಂಬಾ ಜಾಸ್ತಿ ಇತ್ತು.

ಇನ್ನು ಆಡಳಿತದ ವಿಷಯ. ಕುಲಿಯೋನ್‌ನ ಮುಖ್ಯ ಡಾಕ್ಟರು ಸುಮ್ನೆ ಡಾಕ್ಟರಲ್ಲ. ಊಟದ ರೇಷನ್ ಅವರದು, ಮನೆ ಹಂಚಿಕೆ ಅವರದು, ಪೊಲೀಸ್ ಅವರ ಕೈಕೆಳಗೆ. ಆ ಪೊಲೀಸರೂ ರೋಗಿಗಳೇ. ಊರಿಗೆ ಬಾಗಿಲಿತ್ತು. ಬಾಗಿಲ ಆ ಕಡೆ ಬಲಾಲ ಅಂತ ಒಂದು ಜಾಗ, ಅಲ್ಲಿ ರೋಗವಿಲ್ಲದ ಸಿಬ್ಬಂದಿಯ ಮನೆಗಳು. ಈ ಕಡೆ ರೋಗಿಗಳ ಊರು. ನಡುವೆ ಓಡಾಡಲು ಅನುಮತಿ ಬೇಕು. ಹೊರಗೆ ಹೋಗುವ ಕಾಗದಗಳಿಗೆ ಔಷಧಿ ಹೊಗೆ ಹಾಕುತ್ತಿದ್ದರು. ತಪ್ಪಿಸಿಕೊಂಡು ಓಡಿದರೆ ಶಿಕ್ಷೆ.

ಇದೆಲ್ಲದಕ್ಕಿಂತ ಚೆನ್ನಾಗಿ ಆ ಆಡಳಿತವನ್ನು ತೋರಿಸುವ ವಸ್ತು ಒಂದಿದೆ. ಅದು ನಾಣ್ಯ. ಕುಲಿಯೋನ್‌ಗೆ ಅಂತಲೇ ಬೇರೆ ನಾಣ್ಯ ಇತ್ತು. ರೋಗಿಗಳು ಮುಟ್ಟಿದ ದುಡ್ಡು ಹೊರಗೆ ಹೋಗಬಾರದು ಅನ್ನುವ ಭಯ. 1913ರಲ್ಲಿ ಮೊದಲ ಸರಣಿ ಬಂತು. ಅರ್ಧ ಸೆಂಟಾವೊದಿಂದ ಒಂದು ಪೆಸೊವರೆಗೆ (ನೂರು ಸೆಂಟಾವೊ ಸೇರಿದರೆ ಒಂದು ಪೆಸೊ), ಎಲ್ಲವೂ ಅಲ್ಯೂಮಿನಿಯಂ. ಕೈಯಲ್ಲಿಟ್ಟರೆ ಭಾರವೇ ಇಲ್ಲ. ಅದರ ಮೇಲೆ ರಾಜನ ಮುಖ ಇಲ್ಲ, ಅಮೆರಿಕದ ಹದ್ದು ಇಲ್ಲ. ಕೋಲಿಗೆ ಸುತ್ತಿದ ಹಾವು, ಅಂದರೆ ವೈದ್ಯಕೀಯದ ಗುರುತು, ಸುತ್ತಲೂ ಆರೋಗ್ಯ ಇಲಾಖೆಯ ಹೆಸರು. ನಾಣ್ಯ ಹೊಡೆಯುವುದು ಯಾವತ್ತೂ ಸರಕಾರದ ಹಕ್ಕು. ಇಲ್ಲಿ ಆಸ್ಪತ್ರೆಯೇ ಸರಕಾರ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ? ಈ ನಾಣ್ಯಗಳನ್ನು ಸೋಂಕು ನಿವಾರಕದಲ್ಲಿ ಅದ್ದಿ ಅದ್ದಿ ಅಲ್ಯೂಮಿನಿಯಂ ತಿಂದುಹೋಯಿತು. 1920ರಿಂದ ಮನಿಲಾ ಟಂಕಸಾಲೆ ತಾಮ್ರ ನಿಕ್ಕಲ್ ಬೆರೆಸಿದ ಗಟ್ಟಿ ನಾಣ್ಯ ಹೊಡೆಯತೊಡಗಿತು. ಕುಷ್ಠ ನಾಣ್ಯದಿಂದ ಹರಡುವುದಿಲ್ಲ ಅಂತ ಇವತ್ತು ನಮಗೆ ಗೊತ್ತು. ಆದರೆ ಆ ಕಾಲದ ಜನ ತಾವು ಮುಟ್ಟುವ ದುಡ್ಡು ಕೂಡ ಬೇರೆ ಅಂತ ದಿನಾ ಅಂಗಡಿಯಲ್ಲಿ ನೆನಪು ಮಾಡಿಕೊಳ್ಳಬೇಕಾಗಿತ್ತಲ್ಲ, ಅದನ್ನು ಯೋಚಿಸಿ.

ಹಾಗಂತ ರೋಗಿಗಳು ಬಾಯಿಮುಚ್ಚಿಕೊಂಡು ಇರಲಿಲ್ಲ. ನನಗೆ ಈ ಇತಿಹಾಸದಲ್ಲಿ ಅತಿ ಇಷ್ಟವಾದ ಭಾಗ ಇದು. ಅಮೆರಿಕನ್ ಆಡಳಿತದ ಶುರುವಿನ ವರ್ಷಗಳಲ್ಲೇ ಅಲ್ಲಿ ರೋಗಿಗಳ ಒಂದು ಸಲಹಾ ಮಂಡಳಿ ಬಂತು. ರೋಗಿಗಳು ದೇಶದ ಮೂಲೆಮೂಲೆಯಿಂದ ಬಂದವರು. ಬೇರೆ ಬೇರೆ ಭಾಷೆ, ಬೇರೆ ಬೇರೆ ಊಟ. ಒಂದೊಂದು ಪ್ರದೇಶದವರು ತಮ್ಮ ತಮ್ಮ ಪ್ರತಿನಿಧಿಯನ್ನು ಆರಿಸಿ ಕಳಿಸುತ್ತಿದ್ದರು. ಬೀದಿ ಚೊಕ್ಕಟ, ಜಗಳ, ರೇಷನ್ ದೂರು, ಇವೆಲ್ಲ ಆ ಮಂಡಳಿಯ ಮುಂದೆ ಬರುತ್ತಿದ್ದವು. ಕೊನೇ ಮಾತು ಡಾಕ್ಟರದೇ, ಒಪ್ಪೋಣ. ಆದರೆ ಆ ಚುನಾವಣೆಯಲ್ಲಿ ಹೆಂಗಸರೂ ವೋಟು ಹಾಕಿದರು. ಉಳಿದ ಫಿಲಿಪೈನ್ಸ್‌ನಲ್ಲಿ ಹೆಣ್ಣುಮಕ್ಕಳಿಗೆ ಮತದಾನದ ಹಕ್ಕು ಸಿಕ್ಕಿದ್ದು 1937ರಲ್ಲಿ. ಅದೂ ಏಪ್ರಿಲ್ 30ರಂದು ದೇಶದ ಹೆಂಗಸರೇ ಮತ ಹಾಕಿ, ಕನಿಷ್ಠ 3 ಲಕ್ಷ ಜನ ಬೇಕು ಅಂದರೆ ಬೇಕು ಅಂದ ಮೇಲೆ. ಯಾರನ್ನು ನಾಗರಿಕರ ಪಟ್ಟಿಯಿಂದ ಹೊರಗಿಟ್ಟಿದ್ದರೋ ಅವರ ಊರಿನ ಹೆಂಗಸರು ಅದಕ್ಕೂ ಎಷ್ಟೋ ವರ್ಷ ಮೊದಲೇ ವೋಟು ಹಾಕಿಯಾಗಿತ್ತು.

ಮದುವೆಯ ವಿಷಯದಲ್ಲಿ ಮಾತ್ರ ಡಾಕ್ಟರಿಗೂ ಜನಕ್ಕೂ ಹೊಂದಿಕೆ ಆಗಲೇ ಇಲ್ಲ. ಗಂಡು ಹೆಣ್ಣು ದೂರ ಇರಬೇಕು ಅಂತ ಮೊದಲ ನಿಯಮ. ನಡೆಯಲಿಲ್ಲ. ಸಡಿಲ ಮಾಡಿದರು. ಮತ್ತೆ ಬಿಗಿ ಮಾಡಿದರು. 1930ರ ದಶಕದ ಶುರುವಿನಲ್ಲಿ ಮದುವೆ ನಿಷೇಧದ ವಿರುದ್ಧ ಗಂಡಸರು ದಂಗೆ ಎದ್ದು ಹೆಣ್ಣುಮಕ್ಕಳ ವಸತಿಗೇ ನುಗ್ಗಿದರು. ಹುಟ್ಟಿದ ಮಕ್ಕಳ ಪಾಡು ಇನ್ನೂ ಕಷ್ಟ. ಕೆಲವು ತಿಂಗಳಾದ ಕೂಡಲೇ ಮಗುವನ್ನು ತಾಯಿಯಿಂದ ತೆಗೆದುಕೊಂಡು ಬಲಾಲದ ಶಿಶುಗೃಹಕ್ಕೆ ಒಯ್ಯುತ್ತಿದ್ದರು. ಅಲ್ಲಿಂದ ಮಗು ನೆಂಟರ ಮನೆಗೆ, ಇಲ್ಲಾ ದತ್ತು, ಇಲ್ಲಾ ಮನಿಲಾದ ಅನಾಥಾಲಯ. ಒಂದೇ ದ್ವೀಪದಲ್ಲಿದ್ದೂ ತಾಯಿ ಮಗುವನ್ನು ದೂರದಿಂದ ನೋಡಬೇಕು. ರೋಗ ಹುಟ್ಟಿನಿಂದ ಬರುವುದಿಲ್ಲ, ಹತ್ತಿರದಿಂದ ಬರುತ್ತದೆ ಅನ್ನುವುದು ಡಾಕ್ಟರುಗಳ ವಾದ. ಆ ಕಾಲದ ತಿಳಿವಳಿಕೆಯಲ್ಲಿ ಅದಕ್ಕೆ ಅರ್ಥ ಇತ್ತು. ಆದರೂ ಒಬ್ಬ ಅಧಿಕಾರಿ ತಾಯಿ ಮಗುವಿನ ನಡುವೆ ಬಂದು ನಿಲ್ಲುವಾಗ, ಆ ಅಧಿಕಾರಿಯನ್ನು ಆರಿಸುವ, ಇಳಿಸುವ ದಾರಿ ತಾಯಿಗೆ ಇರಬೇಕಿತ್ತು. ಅದಿರಲಿಲ್ಲ.

ಚಿಕಿತ್ಸೆಯ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಇಲ್ಲಿ ನಮ್ಮ ನಾಡಿಗೂ ಒಂದು ನಂಟಿದೆ. ಆಗ ಕುಷ್ಠಕ್ಕೆ ಇದ್ದ ಒಂದೇ ಔಷಧಿ ಚಾಲ್‌ಮೂಗ್ರ ಎಣ್ಣೆ. ಅದೇ ಜಾತಿಗೆ ಸೇರಿದ ಮರ ನಮ್ಮ ಪಶ್ಚಿಮ ಘಟ್ಟದಲ್ಲಿ ಬೆಳೆಯುತ್ತದೆ, ಗರುಡಫಲ ಅನ್ನುತ್ತೇವೆ. ಆ ಗರುಡಫಲದ ಬೀಜದ ಎಣ್ಣೆಯಿಂದ ಮಾಡಿದ ಇಂಜೆಕ್ಷನ್ ಕೂಡ ಕುಲಿಯೋನ್‌ನಲ್ಲಿ ಕೊಡುತ್ತಿದ್ದರು. ಚುಚ್ಚಿದ ಜಾಗ ಬಾತು ಕೀವಾಗುತ್ತಿತ್ತು. ಗುಣವಾದವರು ಕಡಿಮೆ. ಆದರೆ ಈ ಪ್ರಯೋಗಗಳಿಂದಾಗಿ ದ್ವೀಪ ಕುಷ್ಠ ಸಂಶೋಧನೆಯ ದೊಡ್ಡ ಕೇಂದ್ರವಾಯಿತು. 1922ರಲ್ಲಿ ಬಂದ ವಿಂಡ್ಸರ್ ವೇಡ್ ಎಂಬ ರೋಗಶಾಸ್ತ್ರಜ್ಞರು 1968ರಲ್ಲಿ ತೀರಿಕೊಳ್ಳುವವರೆಗೂ ಅಲ್ಲೇ ಇದ್ದರು. ಕುಷ್ಠದ ಬಗೆಗಿನ ಅಂತರರಾಷ್ಟ್ರೀಯ ಪತ್ರಿಕೆಯನ್ನು ಅವರು ಈ ದ್ವೀಪದಲ್ಲಿ ಕೂತೇ ಸಂಪಾದಿಸುತ್ತಿದ್ದರು.

1926ರಲ್ಲಿ ರೋಗಿಗಳು ಊರ ಹಿಂದಿನ ಗುಡ್ಡದ ಮೇಲೆ ಕಲ್ಲು ಜೋಡಿಸಿ ಒಂದು ದೊಡ್ಡ ಹದ್ದಿನ ಆಕಾರ ಮಾಡಿದರು. ಆರೋಗ್ಯ ಇಲಾಖೆಯ ಲಾಂಛನ ಅದು. ಹಡಗಿನಲ್ಲಿ ಬರುವವರಿಗೆ ದೂರದಿಂದಲೇ ಕಾಣುತ್ತಿತ್ತು. ಇವತ್ತಿಗೂ ಇದೆ, ಪ್ರವಾಸಿಗರು ಮೆಟ್ಟಿಲು ಹತ್ತಿ ಹೋಗಿ ನೋಡುತ್ತಾರೆ.

ಎರಡನೇ ಮಹಾಯುದ್ಧ ದ್ವೀಪವನ್ನು ಹಸಿವಿಗೆ ದೂಡಿತು. ಎಲ್ಲಾ ಊಟ ಹೊರಗಿಂದ ಬರಬೇಕಾದ ಜಾಗ ಅದು. ಹಡಗು ನಿಂತಾಗ ಜನ ಸತ್ತರು, ಕೆಲವರು ದೋಣಿ ಹತ್ತಿ ಓಡಿದರು. 1944ರ ಸೆಪ್ಟೆಂಬರ್ 24ರಂದು ಅಮೆರಿಕದ ವಿಮಾನಗಳು ಪಕ್ಕದ ಕೊರೋನ್ ಕೊಲ್ಲಿಯಲ್ಲಿ ಜಪಾನಿ ಹಡಗುಗಳನ್ನು ಮುಳುಗಿಸಿದವು.

ಯುದ್ಧ ಮುಗಿದ ಮೇಲೆ ಸಲ್ಫೋನ್ ಔಷಧಿಗಳು ಬಂದವು. ಮೊದಲ ಸಲ ರೋಗ ನಿಜವಾಗಿ ವಾಸಿಯಾಗತೊಡಗಿತು. ಕಾನೂನೂ ಬದಲಾಯಿತು. 1952ರಲ್ಲಿ ಮನೆಯಲ್ಲೇ ಚಿಕಿತ್ಸೆ ಪಡೆಯಲು ದಾರಿ ತೆರೆಯಿತು. 1964ರ ಕಾಯಿದೆ ಇನ್ನೂ ಸಡಿಲ ಮಾಡಿತು. 1980ರ ದಶಕದಲ್ಲಿ ಹಲವು ಮಾತ್ರೆಗಳನ್ನು ಒಟ್ಟಿಗೆ ಕೊಡುವ ಚಿಕಿತ್ಸೆ ಬಂದ ಮೇಲೆ ಕುಷ್ಠ ಉಳಿದ ಕಾಯಿಲೆಗಳಂತೆ ವಾಸಿಯಾಗುವ ಕಾಯಿಲೆಯಾಯಿತು.

ಬಾಗಿಲು ತೆರೆಯಿತು. ಆದರೆ ತುಂಬಾ ಜನ ಹೋಗಲಿಲ್ಲ. ಎಲ್ಲಿಗೆ ಹೋಗುವುದು? ಮೂವತ್ತು ನಲವತ್ತು ವರ್ಷದ ಹಿಂದೆ ಬಿಟ್ಟು ಬಂದ ಊರಲ್ಲಿ ಗುರುತು ಹಿಡಿಯುವವರಿಲ್ಲ. ಗುರುತಿದ್ದವರೂ ಬಾಗಿಲು ತೆಗೆಯುತ್ತಾರೆ ಅನ್ನುವ ನಂಬಿಕೆ ಇಲ್ಲ. ಕುಲಿಯೋನ್‌ನಲ್ಲಾದರೆ ಮನೆ ಇದೆ, ಸಮುದ್ರ ಇದೆ, ಮಕ್ಕಳು ಮೊಮ್ಮಕ್ಕಳು ಇದ್ದಾರೆ. ಜತೆಗೆ ಬೇರೆ ದ್ವೀಪಗಳಿಂದ ಮೀನುಗಾರರು, ರೈತರು ಬಂದು ನೆಲೆಸಿದ್ದರು. ಆರೋಗ್ಯವಂತರೇ ಹೆಚ್ಚಾದರು. ಆದರೂ ಊರು ಇನ್ನೂ ಆಸ್ಪತ್ರೆಯ ಕೈಯಲ್ಲೇ. ರಸ್ತೆ ಕೆಟ್ಟರೆ ದೂರು ಕೊಡಬೇಕಾದದ್ದು ವೈದ್ಯಾಧಿಕಾರಿಗೆ.

1992ರ ಫೆಬ್ರವರಿ 19ರಂದು 7193ನೇ ಗಣರಾಜ್ಯ ಕಾಯಿದೆಗೆ ಸಹಿ ಬಿತ್ತು. ಕುಲಿಯೋನ್ ಪಲವಾನ್‌ನ ಒಂದು ಪುರಸಭೆಯಾಯಿತು. 2001ರ ಇನ್ನೊಂದು ಕಾಯಿದೆ ಅದರ ವ್ಯಾಪ್ತಿ ಹಿಗ್ಗಿಸಿತು. 1995ರ ಮೇ ತಿಂಗಳ ಚುನಾವಣೆಯಲ್ಲಿ ಜನ ಮೊದಲ ಮೇಯರನ್ನು ಆರಿಸಿದರು. ಅವರು ಹಿಲಾರಿಯೋನ್ ಗಿಯಾ. ಸ್ವತಃ ಆ ದ್ವೀಪದ ರೋಗಿಯಾಗಿದ್ದವರು. ಹಿಂದೆ ಡಾಕ್ಟರು ಕೂರುತ್ತಿದ್ದ ಅಧಿಕಾರದ ಜಾಗದಲ್ಲಿ ರೋಗಿಯಾಗಿದ್ದವರೇ ಕೂತರು, ಅದೂ ಊರಿನವರ ಮತದಿಂದ.

ಇದರ ಬೆಲೆ ಗೊತ್ತಾಗಬೇಕಾದರೆ ನಮ್ಮ ದೇಶವನ್ನೇ ಒಂದು ಕ್ಷಣ ನೋಡೋಣ. ಒಡಿಶಾದ 1950ರ ಪುರಸಭೆ ಕಾಯಿದೆಯಲ್ಲಿ ಕುಷ್ಠರೋಗಿ ಚುನಾವಣೆಗೆ ನಿಲ್ಲಬಾರದು ಅಂತ ಇತ್ತು. ಆಯ್ಕೆಯಾದ ಮೇಲೂ ಸದಸ್ಯತ್ವ ಹೋಗುತ್ತಿತ್ತು. ಇದು ಸುಪ್ರೀಂ ಕೋರ್ಟಿಗೆ ಹೋದಾಗ 2008ರಲ್ಲಿ ಕೋರ್ಟು ಆ ನಿಯಮವನ್ನು ಎತ್ತಿಹಿಡಿಯಿತು. ಶಾಸಕಾಂಗ ಮರುಯೋಚನೆ ಮಾಡುವುದು ಒಳ್ಳೆಯದು ಅಂತಲೂ ಹೇಳಿತು. ಕುಲಿಯೋನ್‌ನಲ್ಲಿ ಗಿಯಾ ಮೇಯರ್ ಆಗಿ ಹದಿಮೂರು ವರ್ಷ ಆದ ಮೇಲಿನ ಮಾತು ಇದು. ಹವಾಯಿಯ ಮೊಲೊಕಾಯ್‌ನ ಕಥೆಯೂ ಬೇರೆ. ಆ ವಸತಿ ಇರುವ ಕಲವಾವ್ ಕೌಂಟಿಗೆ ಇವತ್ತಿಗೂ ಚುನಾಯಿತ ಸರಕಾರ ಇಲ್ಲ, ರಾಜ್ಯದ ಆರೋಗ್ಯ ಇಲಾಖೆಯೇ ನೋಡಿಕೊಳ್ಳುತ್ತದೆ. ಕುಲಿಯೋನ್ ಯಾರನ್ನು ಮಾದರಿ ಮಾಡಿಕೊಂಡು ಶುರುವಾಯಿತೋ ಅವರನ್ನು ದಾಟಿ ಮುಂದೆ ಹೋಯಿತು.

ಈಗ ಅಲ್ಲಿ ಆಡಳಿತ ನಡೆಯುವ ಬಗೆ. ಫಿಲಿಪೈನ್ಸ್‌ನ 1991ರ ಸ್ಥಳೀಯ ಸರಕಾರ ಸಂಹಿತೆ ಎಲ್ಲಾ ಪುರಸಭೆಗಳಿಗೂ ಒಂದೇ ಚೌಕಟ್ಟು ಕೊಟ್ಟಿದೆ. ಮೇಯರ್‌ನ್ನು ಜನ ನೇರವಾಗಿ ಆರಿಸುತ್ತಾರೆ. ನಮ್ಮ ಪುರಸಭೆಗಳಂತೆ ಸದಸ್ಯರು ಕೂತು ಅಧ್ಯಕ್ಷರನ್ನು ಆರಿಸುವ ಪದ್ಧತಿ ಅಲ್ಲಿಲ್ಲ. ಅವಧಿ ಮೂರು ವರ್ಷ, ಸತತ ಮೂರು ಸಲ ಮಾತ್ರ. ಉಪಮೇಯರ್ ಕೌನ್ಸಿಲ್ ಸಭೆ ನಡೆಸುತ್ತಾರೆ. ಎಂಟು ಚುನಾಯಿತ ಕೌನ್ಸಿಲರುಗಳು. ಅವರ ಜತೆ ಬರಂಗಾಯ್ ಮುಖ್ಯಸ್ಥರ ಒಬ್ಬ ಪ್ರತಿನಿಧಿ, ಯುವಕರ ಒಬ್ಬ ಪ್ರತಿನಿಧಿ. ಮೂಲನಿವಾಸಿಗಳಿರುವ ಕಡೆ ಅವರ ಪ್ರತಿನಿಧಿಗೂ ಕೌನ್ಸಿಲ್‌ನಲ್ಲಿ ಜಾಗ ಕೊಡಬೇಕು ಅಂತ 1997ರ ಕಾಯಿದೆ ಹೇಳುತ್ತದೆ. ರೋಗಿಗಳ ವಸತಿ ಶುರುವಾಗುವಾಗ ಯಾರನ್ನೂ ಕೇಳದೆ ಎತ್ತಿಹಾಕಿದ್ದರಲ್ಲ, ಆ ತಗ್ಬನುವಾ ಜನರಿಗೆ ಈ ಒಂದು ಕುರ್ಚಿ ಸಣ್ಣದೇನಲ್ಲ.

ಬರಂಗಾಯ್ ಮಟ್ಟದಲ್ಲಿ ಇನ್ನೊಂದು ಒಳ್ಳೇ ವ್ಯವಸ್ಥೆ ಇದೆ. ಒಂದೇ ಊರಿನವರ ಸಣ್ಣಪುಟ್ಟ ವ್ಯಾಜ್ಯಗಳು ಕೋರ್ಟಿಗೆ ಹೋಗುವ ಮುಂಚೆ ಬರಂಗಾಯ್ ಕ್ಯಾಪ್ಟನ್, ಅಂದರೆ ಅದರ ಮುಖ್ಯಸ್ಥರ ಮುಂದೆ ರಾಜಿಗೆ ಬರಬೇಕು. ಕೋರ್ಟಿಗಾಗಿ ಸಮುದ್ರ ದಾಟಬೇಕಾದ ಜನಕ್ಕೆ ಇದು ಎಷ್ಟು ಮುಖ್ಯ ನೋಡಿ.

ದುಡ್ಡಿನ ವಿಷಯಕ್ಕೆ ಬಂದರೆ ದ್ವೀಪದ ಕಷ್ಟ ಗೊತ್ತಾಗುತ್ತದೆ. ಕೇಂದ್ರ ಸರಕಾರದ ತೆರಿಗೆಯಲ್ಲಿ ಶೇ 40 ಸ್ಥಳೀಯ ಸರಕಾರಗಳಿಗೆ ಹೋಗುತ್ತದೆ. ಅದರಲ್ಲಿ ಶೇ 34 ಪುರಸಭೆಗಳ ಪಾಲು. ಹಂಚುವಾಗ ಜನಸಂಖ್ಯೆಗೆ ಅರ್ಧ ತೂಕ, ಭೂವಿಸ್ತೀರ್ಣಕ್ಕೆ ಕಾಲು, ಉಳಿದ ಕಾಲು ಸಮಪಾಲು. ಈ ಲೆಕ್ಕದಲ್ಲಿ ಸಮುದ್ರ ಇಲ್ಲವೇ ಇಲ್ಲ. ಆದರೆ ತೀರದಿಂದ 15 ಕಿಲೋಮೀಟರ್‌ವರೆಗಿನ ನೀರನ್ನು ಕಾಯುವ ಹೊಣೆ ಪುರಸಭೆಯದೇ. ಮೀನು ಹಿಡಿಯುವ ಲೈಸೆನ್ಸ್, ಮೀನು ಮರಿ ಬೆಳೆಯುವ ಮೀಸಲು ಜಾಗ, ಸಯನೈಡ್ ಹಾಕಿ ಮೀನು ಹಿಡಿಯುವವರನ್ನು ತಡೆಯುವುದು, ಎಲ್ಲಾ. ಕಲಾಮಿಯನ್ ದ್ವೀಪಗಳಿಂದ ಜೀವಂತ ಮೀನು ಹಾಂಗ್‌ಕಾಂಗ್ ಹೋಟೆಲುಗಳಿಗೆ ಹೋಗುತ್ತದೆ. ಬೆಲೆ ಚೆನ್ನಾಗಿರುವುದರಿಂದಲೇ ಸಯನೈಡ್ ಆಸೆ. ಅಲ್ಲಿ ಕಾವಲಿಗೆ ಬಂತಾಯ್ ದಗಾತ್ ಎಂಬ ಸಮುದ್ರ ಕಾವಲುಗಾರರಿದ್ದಾರೆ. ಬಹುಪಾಲು ಸ್ವಯಂಸೇವಕರೇ. ಅವರ ದೋಣಿಯ ಡೀಸೆಲ್ ಕೂಡ ಇದೇ ಪುರಸಭೆ ದುಡ್ಡಿನಿಂದ ಬರಬೇಕು. ಈ ಹಂಚಿಕೆ ದ್ವೀಪಗಳಿಗೆ ಅನ್ಯಾಯ ಅಂತಲೇ ನನ್ನ ಅಭಿಪ್ರಾಯ. ಎಷ್ಟು ಕಾಯಬೇಕೋ ಅಷ್ಟನ್ನು ಅಳೆದು ಕೊಡಬೇಕು.

2013ರ ನವೆಂಬರ್ 8ರಂದು ಯೋಲಾಂಡ ಚಂಡಮಾರುತ ಫಿಲಿಪೈನ್ಸ್ ಬಿಡುವ ಮುನ್ನ ಕೊನೆಯದಾಗಿ ಅಪ್ಪಳಿಸಿದ್ದು ಈ ಕಲಾಮಿಯನ್ ದ್ವೀಪಗಳನ್ನೇ. ಜಗತ್ತಿನ ಕ್ಯಾಮೆರಾಗಳೆಲ್ಲ ಅತಿ ಹೆಚ್ಚು ಹಾನಿಯಾದ ತಕ್ಲೋಬಾನ್ ನಗರದ ಕಡೆ ಇದ್ದವು.

ಆಸ್ಪತ್ರೆ ಈಗಲೂ ಇದೆ. ಸುತ್ತಲ ದ್ವೀಪಗಳ ಜನ ಹೆರಿಗೆಗೆ, ಜ್ವರಕ್ಕೆ ಅಲ್ಲಿಗೇ ಬರುವ ಸಾಮಾನ್ಯ ಆಸ್ಪತ್ರೆಯಾಗಿದೆ. ಅದು ಪುರಸಭೆಗೆ ಸೇರಿಲ್ಲ, ಕೇಂದ್ರದ ಆರೋಗ್ಯ ಇಲಾಖೆಯದೇ. 2006ರಲ್ಲಿ, ಮೊದಲ ಹಡಗು ಬಂದು ನೂರು ವರ್ಷವಾದಾಗ, ವಿಶ್ವ ಆರೋಗ್ಯ ಸಂಸ್ಥೆ ಕುಲಿಯೋನ್ ಕುಷ್ಠಮುಕ್ತ ಅಂತ ಘೋಷಿಸಿತು. 2018ರಲ್ಲಿ ಅಲ್ಲಿನ ದಾಖಲೆಗಳು ಯುನೆಸ್ಕೊದ ಏಷ್ಯಾ ಪೆಸಿಫಿಕ್ ಸ್ಮೃತಿ ಪಟ್ಟಿಗೆ ಸೇರಿದವು. ಹಳೇ ಪ್ರಯೋಗಾಲಯದ ಕಟ್ಟಡ ಮ್ಯೂಸಿಯಂ ಆಗಿದೆ. ರೋಗಿಗಳ ಕಡತ, ಫೋಟೊ, ಆ ನಾಣ್ಯಗಳು ಅಲ್ಲಿವೆ. ಬಲಾಲ ಈಗ ಅದೇ ಪುರಸಭೆಯ ಒಂದು ಬರಂಗಾಯ್. ರೋಗಿಗಳ ಮೊಮ್ಮಕ್ಕಳೂ ಸಿಬ್ಬಂದಿಯ ಮೊಮ್ಮಕ್ಕಳೂ ಒಂದೇ ಮತದಾರರ ಪಟ್ಟಿಯಲ್ಲಿದ್ದಾರೆ.

ಬಗೆಹರಿಯಬೇಕಾದ ದೊಡ್ಡ ಪ್ರಶ್ನೆ ನೆಲದ್ದು. ಇಡೀ ದ್ವೀಪ ಸರಕಾರದ ಮೀಸಲು ಜಾಗವಾಗಿತ್ತು. ಹಾಗಾಗಿ ಮೂರು ತಲೆಮಾರಿನಿಂದ ಮನೆ ಕಟ್ಟಿಕೊಂಡು ಬದುಕಿದವರ ಕೈಯಲ್ಲೂ ಹಕ್ಕುಪತ್ರ ಇರಲಿಲ್ಲ. ಹಕ್ಕುಪತ್ರ ಇಲ್ಲದ ಕಡೆ ಬ್ಯಾಂಕು ಸಾಲ ಕೊಡುವುದಿಲ್ಲ. ಪುರಸಭೆಗೆ ಆಸ್ತಿ ತೆರಿಗೆ ಸರಿಯಾಗಿ ಹುಟ್ಟುವುದಿಲ್ಲ. ಇನ್ನೊಂದು ಕಡೆ ತಗ್ಬನುವಾ ಜನರಿಗೂ ಆ ನೆಲದ ಮೇಲೆ ಹಳೇ ಹಕ್ಕಿದೆ. ಪಕ್ಕದ ಕೊರೋನ್ ದ್ವೀಪದ ತಗ್ಬನುವಾಗಳು ತಮ್ಮ ಪೂರ್ವಿಕರ ನೆಲ, ಸಮುದ್ರ ಎರಡಕ್ಕೂ ಸರಕಾರದ ಮಾನ್ಯತೆ ಪಡೆದುಕೊಂಡಿದ್ದಾರೆ. ಕುಲಿಯೋನ್‌ನಲ್ಲಿ ಒಂದು ಕಡೆ ಇಲ್ಲಿಂದ ಹೊರಹಾಕಿದವರ ಮೊಮ್ಮಕ್ಕಳು, ಇನ್ನೊಂದು ಕಡೆ ಇಲ್ಲಿಗೆ ಹಿಡಿದು ತಂದವರ ಮೊಮ್ಮಕ್ಕಳು. ಇಬ್ಬರದೂ ನ್ಯಾಯವಾದ ಮಾತೇ. ಅದನ್ನು ಡಾಕ್ಟರು ತೀರ್ಮಾನಿಸುವ ಕಾಲ ಮುಗಿದಿದೆ. ಈಗ ಅವರು ಕೌನ್ಸಿಲ್ ಸಭೆಯಲ್ಲಿ ಎದುರುಬದುರು ಕೂತು ಮಾತಾಡಬೇಕು.